ಸ್ಥಾಲೀಪುಲಾಕ ನ್ಯಾಯವೂ ಒಂದು ದೊಡ್ಡ ಸಂಖ್ಯೆಯೂ

ಅನ್ನ ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು. ಇದನ್ನೇ ಹಿರಿಯರು ಸ್ಥಾಲೀಪುಲಾಕ ನ್ಯಾಯವೆಂದು ಕರೆದರು. ಅಡಿಗೆಮನೆಯಲ್ಲಿ ಸಲ್ಲುವ ಈ ನ್ಯಾಯವು ಗಣಿತದಲ್ಲಿಯೂ ಸಲ್ಲುವುದೇ? 4,29,49,67,297 ಎಂಬ ಸಂಖ್ಯೆಯನ್ನು ಮುಂದಿಟ್ಟುಕೊಂಡು ನಾವು ಇದನ್ನು ವಿಚಾರಿಸೋಣ.

1 ಮತ್ತು ತನ್ನ ಹೊರತು ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ, 1ಕ್ಕಿಂತ ದೊಡ್ಡ ಸಂಖ್ಯೆಯೇ ಅವಿಭಾಜ್ಯ ಸಂಖ್ಯೆ. 2 + 1, 2² + 1, 2⁴ + 1, 2⁸ + 1, 2¹⁶ + 1 ಇವುಗಳ ಬೆಲೆ ಕ್ರಮವಾಗಿ 3, 5, 17, 257, 65537. ಐದೂ ಅವಿಭಾಜ್ಯಗಳೇ. ಘಾತವು ಪ್ರತಿಸಲವೂ ಇಮ್ಮಡಿಯಾಗುತ್ತಿರುವುದನ್ನು ವಾಚಕರು ಗಮನಿಸಬೇಕು. ಇದನ್ನು ಕಂಡ ಫ್ರಾನ್ಸಿನ ಫರ್ಮಾ, ಈ ಸಾಲಿನ ಸಂಖ್ಯೆಗಳೆಲ್ಲವೂ ಅವಿಭಾಜ್ಯಗಳೆಂದು 1640ರಲ್ಲಿ ಊಹಿಸಿದನು. ಸಾಧನೆ ತನಗೆ ದೊರೆತಿಲ್ಲವೆಂದು ಒಪ್ಪಿಕೊಂಡರೂ ತನ್ನ ಊಹೆಯಲ್ಲಿ ಅವನಿಗೆ ಬಲವಾದ ನಂಬಿಕೆಯಿತ್ತು.

ಸಾಲಿನ ಆರನೆಯದೇ 2³² + 1, ಅಂದರೆ ನಮ್ಮ ಸಂಖ್ಯೆ. ಇದನ್ನು ನೇರವಾಗಿ ಪರೀಕ್ಷಿಸಬೇಕಾದರೆ 65536ರೊಳಗಿನ 6,542 ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ ನೋಡಬೇಕಾದೀತು! 1729ರಲ್ಲಿ ಗೋಲ್ಡ್‌ಬಾಖನು ಈ ಪ್ರಶ್ನೆಯನ್ನು ಆಯ್ಲರನ ಗಮನಕ್ಕೆ ತಂದನು. 1732ರಲ್ಲಿ ಆಯ್ಲರನು ಈ ಸಂಖ್ಯೆಯು 641ರಿಂದ ಭಾಗವಾಗುವುದೆಂದು ತೋರಿಸಿಕೊಟ್ಟನು. ಇದರ ಅವಿಭಾಜ್ಯ ಭಾಜಕವು ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದರೆ 1 ಶೇಷ ಉಳಿಯಲೇಬೇಕೆಂಬ ನಿಯಮವನ್ನೂ ಅವನು ಮುಂದೆ ಸಾಧಿಸಿದನು. ಅಂಥ ಅವಿಭಾಜ್ಯಗಳು 193, 257, 449, 577, 641 ಇತ್ಯಾದಿ. ಸಾವಿರಾರು ಭಾಗಾಕಾರಗಳು ಬೇಕಾಗಿದ್ದಲ್ಲಿ ಐದನೆಯದಕ್ಕೇ ಗುಟ್ಟು ಹೊರಬೀಳುತ್ತದೆ. ಬುದ್ಧಿಯು ಶ್ರಮವನ್ನು ಉಳಿಸುವ ಬಗೆ ಇದು.

ಇದರ ಸಾಧನೆಗೆ ಯಂತ್ರ ಬೇಡ, ಸೀಮೆಸುಣ್ಣ ಸಾಕು. 641 = 625 + 16, ಅಂದರೆ 5⁴ + 2⁴. ಇದನ್ನು 2²⁸ರಿಂದ ಗುಣಿಸಿದರೆ,

641 × 2²⁸ = 5⁴ × 2²⁸ + 2³².

ಬಲಗಡೆಯ ಮೊದಲನೆಯ ಪದವು (5 × 2⁷)⁴, ಅರ್ಥಾತ್ 640⁴. ಇನ್ನು 640⁴ − 1 ಎಂಬುದಕ್ಕೆ 640 + 1 ಒಂದು ಅಪವರ್ತನವಾದುದರಿಂದ ಅದೂ 641ರಿಂದ ಭಾಗವಾಗುತ್ತದೆ. 640⁴ + 2³²ರಿಂದ 640⁴ − 1 ಅನ್ನು ಕಳೆದರೆ ಉಳಿಯುವುದು 2³² + 1. ಭಾಗವಾಗುವ ಎರಡು ಸಂಖ್ಯೆಗಳ ವ್ಯತ್ಯಾಸವೂ ಭಾಗವಾಗಲೇಬೇಕಷ್ಟೆ. ಗುಣಿಸಿ ತಾಳೆ ನೋಡುವವರಿಗಾಗಿ: 641 × 67,00,417 = 4,29,49,67,297. ಈ ಎರಡನೆಯ ಅಪವರ್ತನವೂ ಅವಿಭಾಜ್ಯವೇ.

ಮುಂದಿನ 2⁶⁴ + 1 ಎಂಬುದನ್ನು ಲಾಂಡ್ರಿ ಎಂಬಾತನು 1880ರಲ್ಲಿ ಒಡೆದನು; ಅದರ ಒಂದು ಭಾಜಕ 2,74,177. ಈ ಸಾಲಿನಲ್ಲಿ ಮೊದಲ ಐದರ ಹೊರತು ಇನ್ನೊಂದು ಅವಿಭಾಜ್ಯ ಇದುವರೆಗೆ ಸಿಕ್ಕಿಲ್ಲ. ಇನ್ನು ಸಿಕ್ಕುವುದೇ ಇಲ್ಲವೆಂದು ಸಾಧಿಸಿದವರೂ ಇಲ್ಲ.

ಐದು ಅಗುಳು ಬೆಂದಿದ್ದರೂ ಆರನೆಯದು ಬೆಂದಿರಲಿಲ್ಲ. ಒಂದೇ ಪಾತ್ರೆಯ ಅಗುಳುಗಳೆಲ್ಲಕ್ಕೂ ಒಂದೇ ಬೆಂಕಿ, ಒಂದೇ ನೀರು. ಆದುದರಿಂದ ಅಲ್ಲಿ ಒಂದನ್ನು ನೋಡಿ ಉಳಿದುದನ್ನು ಹೇಳಬಹುದು. ಸಂಖ್ಯೆಗಳಲ್ಲಿ ಅಂಥ ಸಮಾನ ಕಾರಣವುಂಟೆಂಬುದನ್ನೇ ಮೊದಲು ಸಾಧಿಸಬೇಕು. ತರಗತಿಯಲ್ಲಿ ನಾಲ್ಕು ಲೆಕ್ಕ ಸರಿಬಂದೊಡನೆ ಸೂತ್ರವೂ ಸರಿಯೆಂದು ಮಕ್ಕಳು ನಂಬುತ್ತಾರೆ. ನಾವೂ ಎಷ್ಟೋ ಸಲ ಅಷ್ಟಕ್ಕೇ ಬಿಟ್ಟು ಮುಂದಿನ ಪಾಠಕ್ಕೆ ಹೋಗುತ್ತೇವೆ. ಅಂಥ ಸಮಯದಲ್ಲಿ ಉಪಾಧ್ಯಾಯ ಬಂಧುಗಳು ಈ ಸಂಖ್ಯೆಯನ್ನು ಕರಿಹಲಗೆಯ ಮೇಲೆ ಬರೆದು, "ಏಕೆ?" ಎಂಬ ಪ್ರಶ್ನೆಯನ್ನು ಮಕ್ಕಳಿಂದಲೇ ಕೇಳಿಸಬೇಕೆಂದು ನಮ್ಮ ವಿನಂತಿ.