ಮಾತಿನ ಹಾಸುಹೊಕ್ಕು

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ರೇಷ್ಮೆ ಸೀರೆಗಳಿಗೆ ಹೆಸರಾದ ಊರು. ಒಡಲಿಗೆ ಒಂದು ಬಣ್ಣ, ಅಂಚಿಗೆ ಮತ್ತೊಂದು ಬಣ್ಣ ಬರುವಂತೆ ಮೂರು ಲಾಳಿಗಳಿಂದ ನೇಯುವಾಗ ನೇಕಾರನ ಬದಿಯಲ್ಲಿ ಸಹಾಯಕನೊಬ್ಬನು ಕುಳಿತಿರುತ್ತಾನೆ. ಇಬ್ಬರ ಕೈಗಳೂ ಹೊಂದಿಕೊಂಡಾಗಲೇ ಅಂಚು ಒಡಲಿನೊಡನೆ ಕೂಡುವುದು. ಆದರೆ ಸೀರೆಯು ಈ ಇಬ್ಬರ ದುಡಿಮೆಯಷ್ಟೇ ಅಲ್ಲ. ನೂಲಿಗೆ ಬಣ್ಣ ಹಾಕುವವರು, ಹಾಸು ಹೂಡುವವರು, ಮಾರುವವರು ಎಲ್ಲರೂ ಅದರಲ್ಲಿ ಪಾಲುದಾರರು. ಇವರೆಲ್ಲರನ್ನೂ ಜೋಡಿಸುವ ಎಳೆಯೇ ಮಾತು.

ಆ ಎಳೆ ತಪ್ಪಿದರೆ ಏನಾಗುವುದೆಂಬುದನ್ನು ನಾನು ಉಪಾಧ್ಯಾಯನಾಗಿದ್ದಾಗ ಒಂದು ಮಗ್ಗದ ಮನೆಯಲ್ಲಿ ಕಂಡೆನು. ವ್ಯಾಪಾರಿ ಕೇಳಿದ್ದು ಗಿಳಿಹಸುರಿನ ಸೆರಗನ್ನು. ಸುದ್ದಿ ಒಯ್ದ ಹುಡುಗನು ‘ಹಸುರು’ ಎಂದಷ್ಟೇ ಹೇಳಿದನು. ಬಣ್ಣಗಾರನು ಎಲೆಹಸುರನ್ನು ಹಾಕಿದನು. ಸೀರೆ ಸೊಗಸಾಗಿಯೇ ಇತ್ತು; ಆದರೆ ವ್ಯಾಪಾರಿ ಒಪ್ಪಲಿಲ್ಲ. ಯಾರೂ ಸುಳ್ಳಾಡಿರಲಿಲ್ಲ, ಯಾರೂ ಸೋಮಾರಿಯಾಗಿರಲಿಲ್ಲ. ಆದರೂ ಹಲವು ದಿನಗಳ ದುಡಿಮೆಯ ನಷ್ಟ ನೇಕಾರನ ಪಾಲಿಗೆ ಬಂದಿತು.

ಇಂತಹ ನಷ್ಟವನ್ನು ತಡೆಯಲು ಕೆಲಸಕ್ಕೆ ಮೊದಲೇ ಮಾತಿನ ಕ್ರಮವನ್ನು ಗೊತ್ತುಮಾಡಿಕೊಳ್ಳಬೇಕು. ಇದನ್ನೇ ಸಂವಹನ ಯೋಜನೆ ಎನ್ನುತ್ತಾರೆ. ಯಾರು ಯಾರಿಗೆ ಹೇಳಬೇಕು? ಏನನ್ನು ಹೇಳಬೇಕು? ಯಾವಾಗ ಹೇಳಬೇಕು? ಯಾವ ಮೂಲಕ ಹೇಳಬೇಕು? ಹೇಳಿದ್ದು ತಿಳಿಯಿತೆಂಬುದು ಹೇಗೆ ಖಚಿತವಾಗಬೇಕು? ಈ ಐದು ಪ್ರಶ್ನೆಗಳಿಗೆ ದೊರೆಯುವ ಉತ್ತರವೇ ಆ ಯೋಜನೆ. ತುರ್ತಿನ ಮಾತನ್ನು ಬಾಯಲ್ಲಿ ಹೇಳಬಹುದು. ಅಳತೆ, ಬಣ್ಣ, ದಿನಾಂಕಗಳನ್ನು ಬರೆದೇ ಕೊಡಬೇಕು. ಆ ಚೀಟಿಗೆ ಗಿಳಿಹಸುರಿನ ಒಂದು ಎಳೆಯನ್ನು ಕಟ್ಟಿ ಕಳುಹಿಸಿದ್ದರೆ ಆ ಸೀರೆ ಉಳಿಯುತ್ತಿತ್ತು.

ಐದನೆಯ ಪ್ರಶ್ನೆಯನ್ನು ಜನರು ಮರೆಯುವುದೇ ಹೆಚ್ಚು. ಅದರ ಬೆಲೆಯನ್ನು ತಿಳಿಯಲು ನೆರೆಯ ಚಳ್ಳಕೆರೆಯ ಕಡೆಗೆ ನೋಡೋಣ. 2023ರ ಏಪ್ರಿಲ್ 2ರಂದು ಅಲ್ಲಿನ ವೈಮಾನಿಕ ಪರೀಕ್ಷಾ ವಲಯದಲ್ಲಿ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ಮರುಬಳಕೆಯ ಉಡಾವಣಾ ವಾಹನವೊಂದನ್ನು ಪರೀಕ್ಷಿಸಿತು. ವಾಯುಪಡೆಯ ಹೆಲಿಕಾಪ್ಟರು ಅದನ್ನು ಸುಮಾರು 4.5 ಕಿಲೋಮೀಟರು ಎತ್ತರಕ್ಕೆ ಒಯ್ದು ಬಿಟ್ಟಿತು. ಚಾಲಕನಿಲ್ಲದ ಆ ವಾಹನವು ತಾನಾಗಿಯೇ ಬಂದು ಓಡುದಾರಿಗೆ ಇಳಿಯಿತು. ವಾಹನದಲ್ಲಿ ಮನುಷ್ಯನಿರಲಿಲ್ಲ, ಆದರೆ ಅದನ್ನು ಸಿದ್ಧಗೊಳಿಸಿ ಹಾರಿಸಿದವರು ಹಲವು ಸಂಸ್ಥೆಗಳ ಜನರು. ಒಬ್ಬರ ಮಾತು ಮತ್ತೊಬ್ಬರಿಗೆ ಸರಿಯಾಗಿ ಮುಟ್ಟದೆ ಇಂತಹ ಕೆಲಸ ಸಾಗದು. ವಿಮಾನಯಾನದಲ್ಲಿ ನೆಲದಿಂದ ಬಂದ ಮುಖ್ಯ ಸೂಚನೆಯನ್ನು ಪೈಲಟನು ತಿರುಗಿ ನುಡಿದು ಒಪ್ಪಿಸಬೇಕೆಂಬ ನಿಯಮವುಂಟು. ತಪ್ಪು ಕೇಳಿದ್ದರೆ ಆ ಕ್ಷಣವೇ ತಿದ್ದಬಹುದು.

ಹೇಳಿದೊಡನೆ ಮಾತು ಮುಗಿಯುವುದಿಲ್ಲ. ಕೇಳಿದವನ ಮರುಮಾತಿನಿಂದ ಮುಗಿಯುತ್ತದೆ. ಆದ್ದರಿಂದ ಹಿರಿಯರು ಅಪ್ಪಣೆ ಕೊಟ್ಟರಷ್ಟೇ ಸಾಲದು. “ಯಾವ ಹಸುರು, ಅಣ್ಣಾ?” ಎಂದು ಕೇಳುವ ಧೈರ್ಯ ಕಿರಿಯನಿಗೂ ಇರಬೇಕು, ಕೇಳಿದಾಗ ಗದರದಿರುವ ತಾಳ್ಮೆ ಹಿರಿಯನಿಗೂ ಇರಬೇಕು. ಹಾಸು ಎಷ್ಟು ಉದ್ದವಿದ್ದರೇನು, ಹೊಕ್ಕು ಹಾಯದೆ ಬಟ್ಟೆಯಾಗದು. ಹೋಗುವ ಮಾತು ಹಾಸಾದರೆ, ಬರುವ ಮಾತು ಹೊಕ್ಕು.