'ನೆ' ಇಲ್ಲದ ಉರ್ದು ತಪ್ಪು ಉರ್ದು ಅಲ್ಲ

ಹಿಂದೂಪುರದಿಂದ ಗೌರಿಬಿದನೂರಿಗೆ ಹೋಗುವ ಬಸ್ಸಿನಲ್ಲಾಗಲಿ, ಕಲ್ಯಾಣದುರ್ಗದ ಸಂತೆಯಲ್ಲಾಗಲಿ ಕಿವಿಗೆ ಬೀಳುವುದು ತೆಲುಗು, ಕನ್ನಡ ಎರಡೇ ಅಲ್ಲ. ದಖನಿ ಉರ್ದುವೂ ಈ ಗಡಿಸೀಮೆಯ ಮನೆಮಾತು. ಇದನ್ನಾಡುವ ಅನೇಕರು ತೆಲುಗನ್ನೋ ಕನ್ನಡವನ್ನೋ ಅಷ್ಟೇ ಸಲೀಸಾಗಿ ಆಡುತ್ತಾರೆ. ಆದರೂ ಈ ಮಾತಿಗೆ ಒಂದು ಅಪವಾದ ಅಂಟಿಕೊಂಡಿದೆ: 'ಇದು ಕಲಬೆರಕೆ ಉರ್ದು, ಇದಕ್ಕೆ ವ್ಯಾಕರಣವೇ ಇಲ್ಲ' ಎಂದು. ಮನೆಯಲ್ಲಿ ಆಡಿದಂತೆ ಮಗು ಉರ್ದು ನೋಟ್‌ಬುಕ್ಕಿನಲ್ಲಿ ಬರೆದರೆ ಕೆಂಪು ಶಾಯಿ ಬೀಳುತ್ತದೆ. ಈ ಕೆಂಪು ಶಾಯಿಗೆ ಮುಖ್ಯ ಕಾರಣಗಳಲ್ಲಿ ಒಂದು, 'ನೆ' ಎಂಬ ಒಂದಕ್ಷರದ ಪ್ರತ್ಯಯ.

ಏನಿದು 'ನೆ'?

ಪಠ್ಯಪುಸ್ತಕದ ಉರ್ದು ಮತ್ತು ಹಿಂದಿಯಲ್ಲಿ 'ಹುಡುಗ ಬಂದ' ಎನ್ನಲು 'ಲಡ್ಕಾ ಆಯಾ' ಎಂದರೆ ಸಾಕು. ಆದರೆ 'ಹುಡುಗ ರೊಟ್ಟಿ ತಿಂದ' ಎನ್ನಲು 'ಲಡ್ಕೇ ನೆ ರೋಟೀ ಖಾಯೀ' ಎನ್ನಬೇಕು. ಇಲ್ಲಿ ಎರಡು ಸಂಗತಿ ಗಮನಿಸಿ. ಮೊದಲನೆಯದು, ತಿಂದವನಿಗೆ 'ನೆ' ಅಂಟಿತು. ಎರಡನೆಯದು, ಕ್ರಿಯಾಪದ ಹುಡುಗನನ್ನು ಬಿಟ್ಟು ರೊಟ್ಟಿಯ ಹಿಂದೆ ಹೋಯಿತು. 'ರೋಟೀ' ಸ್ತ್ರೀಲಿಂಗವಾದ್ದರಿಂದ 'ಖಾಯೀ'. ಅದೇ ಹುಡುಗಿ ಮಾವಿನಹಣ್ಣು ತಿಂದರೆ 'ಲಡ್ಕೀ ನೆ ಆಮ್ ಖಾಯಾ', ಏಕೆಂದರೆ 'ಆಮ್' ಪುಲ್ಲಿಂಗ.

ಹೀಗೆ ಸಕರ್ಮಕ ಕ್ರಿಯೆಯ ಕರ್ತೃವಿಗೆ ಮಾತ್ರ ಅಂಟುವ ಪ್ರತ್ಯಯವನ್ನು ಭಾಷಾವಿಜ್ಞಾನಿಗಳು 'ಎರ್ಗೆಟಿವ್' ವಿಭಕ್ತಿ ಎನ್ನುತ್ತಾರೆ. ಹಿಂದಿ, ಉರ್ದುವಿನಲ್ಲಿ ಇದು ಮುಗಿದ ಕ್ರಿಯೆಗೆ ಮಾತ್ರ ಬರುತ್ತದೆ.

ದಖನಿಯಲ್ಲಿ ಸಾಮಾನ್ಯವಾಗಿ ಕೇಳುವುದೇ ಬೇರೆ: 'ಲಡ್ಕಾ ರೋಟೀ ಖಾಯಾ', 'ಲಡ್ಕೀ ಆಮ್ ಖಾಯೀ'. 'ನೆ' ಇಲ್ಲ, ಕ್ರಿಯಾಪದ ತಿಂದವರನ್ನೇ ಅನುಸರಿಸುತ್ತದೆ. ಈಗ ಕನ್ನಡ ನೋಡಿ: 'ಹುಡುಗ ರೊಟ್ಟಿ ತಿಂದ', 'ಹುಡುಗಿ ಮಾವಿನಹಣ್ಣು ತಿಂದಳು'. ತೆಲುಗಿನಲ್ಲಿ 'ಅಬ್ಬಾಯಿ ರೊಟ್ಟೆ ತಿನ್ನಾಡು', 'ಅಮ್ಮಾಯಿ ಮಾಮಿಡಿಪಂಡು ತಿಂದಿ'. ಮೂರೂ ಭಾಷೆಗಳಲ್ಲಿ ನಿಯಮ ಒಂದೇ. ಅಂದರೆ ದಖನಿಗೆ ವ್ಯಾಕರಣ ಇದೆ, ಅದು ದಿಲ್ಲಿಗಿಂತ ನಮ್ಮ ಸೀಮೆಗೆ ಹತ್ತಿರ ಅಷ್ಟೆ.

'ನೆ' ಎಲ್ಲಿ ಹೋಯಿತು?

1327ರಲ್ಲಿ ಮಹಮ್ಮದ್ ಬಿನ್ ತುಘಲಕ್ ದಿಲ್ಲಿಯ ರಾಜಧಾನಿಯನ್ನು ದೇವಗಿರಿಗೆ ಸಾಗಿಸಿದ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ರಾಜಧಾನಿಯಾಯಿತು. ಸೈನಿಕರು, ವ್ಯಾಪಾರಿಗಳು, ಸೂಫಿಗಳ ಜೊತೆ ದಿಲ್ಲಿ ಸುತ್ತಲಿನ ಮಾತು ದಕ್ಷಿಣಕ್ಕೆ ಇಳಿಯಿತು. ಆ ಕಾಲಕ್ಕೆ ಉತ್ತರದಲ್ಲೇ 'ನೆ' ಇನ್ನೂ ಗಟ್ಟಿಯಾಗಿ ನೆಲೆಯೂರಿರಲಿಲ್ಲ. ಹಳೆಯ ದಖನಿ ಬರಹಗಳಲ್ಲಿ ಅದು ಒಂದೆಡೆ ಇದೆ, ಇನ್ನೊಂದೆಡೆ ಇಲ್ಲ. ಮುಂದೆ ಉತ್ತರದಲ್ಲಿ 'ನೆ' ಕಡ್ಡಾಯವಾಯಿತು. ಇಲ್ಲಿ ಕನ್ನಡ, ತೆಲುಗಿನ ನೆರೆಯಲ್ಲಿ ಶತಮಾನಗಳು ಬಾಳಿದ ದಖನಿಗೆ ಅದರ ಅಗತ್ಯ ಬೀಳಲಿಲ್ಲ.

ಎರಡು ಮೂರು ಭಾಷೆ ಆಡುವ ಊರುಗಳಲ್ಲಿ ಹೀಗಾಗುವುದು ಸಹಜ. ಮಹಾರಾಷ್ಟ್ರದ ಸಾಂಗ್ಲಿ ಬಳಿಯ ಕುಪವಾಡ ಗ್ರಾಮದ ಬಗ್ಗೆ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನ ಭಾಷಾವಿಜ್ಞಾನದಲ್ಲಿ ಪ್ರಸಿದ್ಧ. ಅಲ್ಲಿನ ಕನ್ನಡ, ಮರಾಠಿ, ಉರ್ದುಗಳಲ್ಲಿ ಪದಗಳು ಬೇರೆ ಬೇರೆಯಾಗಿ ಉಳಿದರೂ ವಾಕ್ಯದ ಜೋಡಣೆ ಬಹುಮಟ್ಟಿಗೆ ಒಂದೇ ಆಗಿದ್ದನ್ನು ಅವರು ತೋರಿಸಿದರು.

ಹಚ್ಚಿದರೂ ಸರಿ, ಬಿಟ್ಟರೂ ಸರಿ

ಪ್ರತ್ಯಯವನ್ನು ಒಮ್ಮೆ ಹಚ್ಚುವುದು, ಒಮ್ಮೆ ಬಿಡುವುದು ವಿಚಿತ್ರ ಎನಿಸಬಹುದು. ಆದರೆ ಕನ್ನಡಿಗರೂ ದಿನವೂ ಹೀಗೆ ಮಾಡುತ್ತಾರೆ. 'ನೀರು ಕುಡಿದೆ' ಎನ್ನುತ್ತೇವೆ, 'ಆ ನೀರನ್ನು ಕುಡಿದೆ' ಎಂದೂ ಎನ್ನುತ್ತೇವೆ. ಆದರೆ ಹುಡುಗನನ್ನು ಕಂಡಾಗ 'ಹುಡುಗನ್ನ ನೋಡಿದೆ' ಎಂದೇ ಹೇಳಬೇಕು. ಇಲ್ಲವಾದರೆ ನೋಡಿದವರು ಯಾರು, ನೋಡಿಸಿಕೊಂಡವರು ಯಾರು ಎಂಬ ಗೊಂದಲ ಬರಬಹುದು. ನಾವು ಕರ್ಮಪದದ 'ಅನ್ನು' ಪ್ರತ್ಯಯದಲ್ಲಿ ಮಾಡುವುದನ್ನು ಕೆಲವು ಭಾಷೆಗಳು ಕರ್ತೃಪದದಲ್ಲಿ ಮಾಡುತ್ತವೆ.

ಆಸ್ಟ್ರೇಲಿಯಾದ ಕಿಂಬರ್ಲಿ ಸೀಮೆಯಲ್ಲಿ ಗೂನಿಯಂಡಿ ಎಂಬ ಮೂಲನಿವಾಸಿಗಳ ಭಾಷೆಯಿದೆ. ಅದನ್ನು ಅಭ್ಯಾಸ ಮಾಡಿದ ವಿಲಿಯಂ ಮೆಕ್‌ಗ್ರೆಗರ್ ಪ್ರಕಾರ, ಕೆಲಸ ಮಾಡಿದವರು ಯಾರೆಂದು ಕೇಳುವವರು ಊಹಿಸಬಲ್ಲರಾದರೆ ಪ್ರತ್ಯಯ ಬಿಡಬಹುದು. ಊಹಿಸದವರು ಮಾಡಿದ್ದರೆ ಹಚ್ಚುತ್ತಾರೆ. ನೇಪಾಳಿ ಭಾಷೆಯಲ್ಲೂ ವರ್ತಮಾನ ಕಾಲದ ವಾಕ್ಯಗಳಲ್ಲಿ 'ಲೆ' ಪ್ರತ್ಯಯ ಒಮ್ಮೆ ಬರುತ್ತದೆ, ಒಮ್ಮೆ ಇರುವುದಿಲ್ಲ. ಬಂದಾಗ ಅರ್ಥದ ಛಾಯೆ ಬದಲಾಗುತ್ತದೆ. ಹೀಗೆ ಹಚ್ಚುವುದಕ್ಕೂ ಬಿಡುವುದಕ್ಕೂ ಲೆಕ್ಕವಿದೆ.

ಶಾಲೆ ಏನು ಮಾಡಬಹುದು?

ಆಂಧ್ರಪ್ರದೇಶದಲ್ಲಿ 2022ರಲ್ಲಿ ಉರ್ದುವಿಗೆ ರಾಜ್ಯದಾದ್ಯಂತ ಎರಡನೇ ಅಧಿಕೃತ ಭಾಷೆಯ ಸ್ಥಾನ ಸಿಕ್ಕಿತು. ಪರೀಕ್ಷೆಗೆ, ಅರ್ಜಿಗೆ, ಪತ್ರಿಕೆಗೆ ಬೇಕಾಗುವುದು ಪಠ್ಯದ ಉರ್ದು. ಆದ್ದರಿಂದ ಮಕ್ಕಳು 'ನೆ' ಕಲಿಯಲೇಬೇಕು. ಪ್ರಶ್ನೆ ಇರುವುದು ಕಲಿಸುವ ರೀತಿಯಲ್ಲಿ.

ಕನ್ನಡದ ಮಗು ಮನೆಯಲ್ಲಿ 'ರಾಮ ಬಂದ' ಎನ್ನುತ್ತದೆ, ಶಾಲೆಯಲ್ಲಿ 'ರಾಮನು ಬಂದನು' ಎಂದು ಬರೆಯುತ್ತದೆ. ಆಡುಮಾತು ಬೇರೆ, ಬರಹ ಬೇರೆ ಎಂದು ಮೇಷ್ಟ್ರು ಹೇಳಿಕೊಡುತ್ತಾರೆ. 'ನಿನಗೆ ಮಾತೇ ಬರುವುದಿಲ್ಲ' ಎಂದು ಯಾರೂ ಗದರಿಸುವುದಿಲ್ಲ. ದಖನಿ ಮನೆಯ ಮಗುವಿಗೂ ಇಷ್ಟೇ ಮರ್ಯಾದೆ ಸಲ್ಲಬೇಕು. ಕಪ್ಪುಹಲಗೆಯ ಮೇಲೆ ಮನೆಯ ವಾಕ್ಯ, ಪುಸ್ತಕದ ವಾಕ್ಯ, ಜೊತೆಗೆ ಕನ್ನಡದ್ದೋ ತೆಲುಗಿನದೋ ಒಂದು ವಾಕ್ಯ ಬರೆದು ತೋರಿಸಿದರೆ ಸಾಕು, ವ್ಯತ್ಯಾಸ ಎಲ್ಲಿದೆ ಎಂದು ಮಗುವೇ ಹೇಳುತ್ತದೆ. ತನ್ನ ತಾಯಿ ಆಡುವ ಮಾತಿಗೂ ನಿಯಮವಿದೆ ಎಂದು ತಿಳಿದ ಮಗು ಇನ್ನೊಂದು ನಿಯಮ ಕಲಿಯಲು ಹಿಂಜರಿಯುವುದಿಲ್ಲ.