ಟ್ರೇಲರಿನ ಜಾಕ್ ಬಾಗಿದೆಯೇ? ತಡಮಾಡದೆ ಬದಲಾಯಿಸಿ

ಎರಡು ಗಾಲಿಯ ಟ್ರೇಲರನ್ನು ಟ್ರ್ಯಾಕ್ಟರಿನಿಂದ ಬಿಡಿಸಿ ನಿಲ್ಲಿಸಿದಾಗ ಮುಂಭಾಗದ ಭಾರ ಹೊರುವುದು ಮೂಕಿಗೆ ಜೋಡಿಸಿದ ತಿರುಪಿನ ಜಾಕ್. ಎತ್ತಿನ ಗಾಡಿಯ ಮೂಕಿಗೆ ಊರೆಗೋಲು ಕೊಡುವಂತೆಯೇ ಇದು. ಹೊರೆ ಮಾತ್ರ ಬಹಳ ಹೆಚ್ಚು. ಬಾಗಿದ ಜಾಕ್ ಒಮ್ಮೆಲೇ ಜಾರಿದರೆ, ಪಿನ್ನು ಹಾಕಲು ಬಗ್ಗಿದವನ ಕಾಲಿನ ಮೇಲೆಯೇ ಮೂಕಿ ಬೀಳುತ್ತದೆ. ಆದ್ದರಿಂದ ಸುಗ್ಗಿ ಮುಗಿಯಲೆಂದು ಕಾಯದೆ ಅದನ್ನು ಬದಲಾಯಿಸುವುದು ಕ್ಷೇಮ.

ಹಾಳಾಗಲು ಕಾರಣ

ಜಾಕನ್ನು ಮೇಲೆತ್ತಲು ಮರೆತು ಟ್ರೇಲರನ್ನು ಎಳೆಯುವುದೇ ಮುಖ್ಯ ಕಾರಣ. ಜಾಕ್ ನೇರವಾಗಿ ಮೇಲಿನಿಂದ ಬರುವ ಭಾರವನ್ನು ತಡೆಯುತ್ತದೆಯೇ ಹೊರತು ಬದುವಿಗೋ ಕಲ್ಲಿಗೋ ತಗಲಿದಾಗ ಬೀಳುವ ಅಡ್ಡ ಪೆಟ್ಟನ್ನಲ್ಲ. ಬಿಡಿಸಿಟ್ಟ ಟ್ರೇಲರಿಗೆ ಪೂರ್ತಿ ಸರಕು ತುಂಬುವುದು, ಹಸಿ ಎರೆಮಣ್ಣಿನಲ್ಲಿ ನಿಲ್ಲಿಸುವುದು ಉಳಿದ ಕಾರಣಗಳು.

ಬಾಗಿದ ಕೊಳವೆಯನ್ನು ಕಾಯಿಸಿ ಬಡಿದು ನೆಟ್ಟಗೆ ಮಾಡಿಸಬೇಡಿ. ಹೊರಗೆ ನೇರವಾಗಿ ಕಂಡರೂ ಒಳಗಿನ ತಿರುಪು ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ.

ಎಷ್ಟು ಭಾರದ ಜಾಕ್?

ಸರಕು ಸೇರಿ ಟ್ರೇಲರಿನ ಒಟ್ಟು ತೂಕ 4 ಟನ್ ಎಂದಿಟ್ಟುಕೊಳ್ಳಿ. ಭಾರದ ಮಧ್ಯಬಿಂದು ಅಚ್ಚಿಗಿಂತ 30 ಸೆಂ.ಮೀ. ಮುಂದಿದ್ದು, ಅಚ್ಚಿನಿಂದ ಜಾಕ್‌ಗೆ 3 ಮೀಟರ್ ದೂರವಿದ್ದರೆ ಜಾಕ್ ಮೇಲೆ 400 ಕಿ.ಗ್ರಾಂ. ಭಾರ ಬೀಳುತ್ತದೆ. ಭಾರದ ಮಧ್ಯಬಿಂದು ಇನ್ನೂ 30 ಸೆಂ.ಮೀ. ಮುಂದಕ್ಕೆ ಸರಿದರೆ ಅದೇ ಭಾರ 800 ಕಿ.ಗ್ರಾಂ. ಆಗುತ್ತದೆ. ಆದಕಾರಣ ಲೆಕ್ಕಕ್ಕೆ ಬಂದ ಭಾರದ ಎರಡರಷ್ಟನ್ನಾದರೂ ಹೊರುವ ಜಾಕ್ ಕೊಳ್ಳಿ. ಹಳೆಯ ಜಾಕ್‌ನ ಎತ್ತರ, ಕೊಳವೆಯ ದಪ್ಪ, ಬೋಲ್ಟಿನ ರಂಧ್ರಗಳ ನಡುವಿನ ಅಂತರ ಅಳೆದು ಬರೆದುಕೊಂಡು ಅಂಗಡಿಗೆ ಹೋಗಿ.

ಕಳಚುವ ಮುನ್ನ

1. ಟ್ರೇಲರನ್ನು ಖಾಲಿ ಮಾಡಿ, ಗಟ್ಟಿಯಾದ ಸಮತಟ್ಟು ನೆಲದಲ್ಲಿ ನಿಲ್ಲಿಸಿ. ಎರಡೂ ಗಾಲಿಗಳ ಹಿಂದೆ ಮುಂದೆ ಒತ್ತುಗಲ್ಲು ಕೊಡಿ.

2. ಮೂಕಿಯ ಕೆಳಗೆ ದಪ್ಪ ಮರದ ತುಂಡುಗಳನ್ನು ಅಡ್ಡಡ್ಡವಾಗಿ ಪೇರಿಸಿ, ಭಾರವೆಲ್ಲ ಅವುಗಳ ಮೇಲೆ ಕೂರುವಂತೆ ಮಾಡಿ. ಇಟ್ಟಿಗೆ ಬೇಡ, ಅದು ಸೂಚನೆ ಕೊಡದೆ ಒಡೆಯುತ್ತದೆ. ಟ್ರ್ಯಾಕ್ಟರಿನ ಹೈಡ್ರಾಲಿಕ್ ಲಿಫ್ಟ್ ಎತ್ತಿ ಹಿಡಿದ ಮೂಕಿಯ ಕೆಳಗೆ ಕೈಕಾಲು ಇಡಲೇಬೇಡಿ.

3. ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ಸೀಮೆಎಣ್ಣೆ ಬಿಡಿ. ಬೆಳಿಗ್ಗೆ ಸುಲಭವಾಗಿ ಬಿಚ್ಚಿಕೊಳ್ಳುತ್ತವೆ.

ಜೋಡಿಸುವ ಕ್ರಮ

ಹಳೆಯ ಬೋಲ್ಟುಗಳನ್ನು ಮತ್ತೆ ಬಳಸದೆ, ತಲೆಯ ಮೇಲೆ 8.8 ಎಂದು ಗುರುತಿರುವ ಹೊಸ ಬೋಲ್ಟುಗಳನ್ನು ಸ್ಪ್ರಿಂಗ್ ವಾಷರ್ ಸಹಿತ ಹಾಕಿ. ಜಾಕನ್ನು ಬೆಸುಗೆ ಹಾಕಿದ್ದರೆ ಬೆಸುಗೆಯನ್ನಷ್ಟೇ ತೆಗೆಸಿ. ಮೂಕಿಯ ಕಬ್ಬಿಣಕ್ಕೆ ಗಾಯವಾಗಬಾರದು. ಹೊಸದಾಗಿ ಬೆಸೆಯುವಾಗ ಟ್ರ್ಯಾಕ್ಟರನ್ನು ಬೇರ್ಪಡಿಸಿರಬೇಕು. ಜಾಕ್ ಲಂಬವಾಗಿ ನಿಂತಿದೆಯೇ ಎಂದು ತೂಗುಗುಂಡು ಹಿಡಿದು ನೋಡಿ.

ತಿರುಪಿಗೆ ಗ್ರೀಸ್ ಸವರಿ, ಭಾರವಿಲ್ಲದೆ ಮೇಲಿನಿಂದ ಕೆಳಗಿನವರೆಗೆ ಒಮ್ಮೆ ತಿರುಗಿಸಿ. ಎಲ್ಲಿಯೂ ಬಿಗಿಯಾಗದಿದ್ದರೆ ಮರದ ತುಂಡುಗಳನ್ನು ಇದ್ದಲ್ಲೇ ಬಿಟ್ಟು, ಮೂಕಿ ಅವುಗಳಿಂದ ಎರಡು ಬೆರಳು ಮೇಲೇಳುವಷ್ಟು ಎತ್ತಿ ಸ್ವಲ್ಪ ಹೊತ್ತು ನಿಲ್ಲಿಸಿ. ಜಾರದಿದ್ದರೆ ಮಾತ್ರ ತುಂಡುಗಳನ್ನು ತೆಗೆಯಿರಿ. ಮೊದಲ ಹೇರು ಸಾಗಿಸಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಿ.

ಮರೆಯಬಾರದ ಕ್ರಮ

ಬಿಡಿಸುವಾಗ ಮೊದಲು ಒತ್ತುಗಲ್ಲು, ಆಮೇಲೆ ಜಾಕ್, ಕೊನೆಗೆ ಪಿನ್ನು. ಹೂಡುವಾಗ ಮೊದಲು ಪಿನ್ನು ಮತ್ತು ಅದರ ಕ್ಲಿಪ್, ಆಮೇಲೆ ಜಾಕನ್ನು ಪೂರ್ತಿ ಮೇಲೆತ್ತಿ, ಕೊನೆಗೆ ಒತ್ತುಗಲ್ಲು ತೆಗೆಯಿರಿ. ಮೆತ್ತನೆಯ ನೆಲದಲ್ಲಿ ಜಾಕ್‌ನ ಪಾದದಡಿ ಒಂದಡಿ ಚದರದ ದಪ್ಪ ಹಲಗೆ ಇಡಿ. ಈ ಕ್ರಮವನ್ನು ನಿಮ್ಮ ಚಾಲಕನಿಗೂ ಕೂಲಿಯಾಳುಗಳಿಗೂ ತಿಳಿಸಿಕೊಡಿ. ಹೊಸ ಜಾಕ್ ಬಹುಕಾಲ ಬಾಳುತ್ತದೆ. ಅದಕ್ಕಿಂತ ಮಿಗಿಲಾಗಿ, ನಿಮ್ಮವರ ಕಾಲು ಉಳಿಯುತ್ತದೆ.